ದೇವದಾರಿ: ಬಯಲುಸೀಮೆಯ ಒಂದು ಮರದ ಹೆಸರು ಮತ್ತು ಬರದ ಚರಿತ್ರೆ

ಜಾನಪದ ಅಧ್ಯಯನದಲ್ಲಿ ಕಥೆ, ಗೀತೆ, ಆಚರಣೆಗಳಿಗೆ ದೊರೆತಷ್ಟು ಗಮನ ಸಸ್ಯನಾಮಗಳಿಗೆ ದೊರೆತಿಲ್ಲ. ಒಂದು ಗಿಡಕ್ಕೆ ಒಂದು ಜನವರ್ಗ ಇಟ್ಟ ಹೆಸರಿನಲ್ಲಿ ಆ ಜನರ ಮೂಗು, ನಾಲಿಗೆ, ಕಸುಬು, ಕಷ್ಟ ಎಲ್ಲವೂ ಅಡಗಿರುತ್ತವೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕಲ್ಲುಗುಡ್ಡಗಳ ಕುರುಚಲು ಕಾಡಿನಲ್ಲಿ ‘ದೇವದಾರಿ’ ಎಂಬ ಹೆಸರಿನ ಒಂದು ಗಿಡ್ಡ ಮರವಿದೆ. ಹೆಸರನ್ನು ಕೇಳಿದೊಡನೆ ಓದು ಬಲ್ಲವರಿಗೆ ನೆನಪಾಗುವುದು ಹಿಮಾಲಯದ ದೇವದಾರು. ಒಂದು ಹಿಮದ ನಾಡಿನ ಮಹಾವೃಕ್ಷ. ಇನ್ನೊಂದು ಬಿಸಿಲ ನಾಡಿನ ಕುರುಚಲು. ಈ ಎರಡಕ್ಕೂ ಒಂದೇ ಹೆಸರು ಹೇಗೆ ಬಂತು? ಹೆಸರಿನಲ್ಲಿ ದೇವರನ್ನು ಹೊತ್ತ ಈ ಮರಕ್ಕೂ ಈ ಸೀಮೆಯ ಜನರ ಬದುಕಿಗೂ ಇದ್ದ ಸಂಬಂಧ ಎಂಥದು? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿಮಾಲಯದ ದೇವದಾರು

ಸಂಸ್ಕೃತದ ‘ದೇವದಾರು’ ಎಂದರೆ ದೇವತೆಗಳ ಮರ. ಸಸ್ಯಶಾಸ್ತ್ರಜ್ಞರು ಇದನ್ನು ಸೀಡ್ರಸ್ ಡಿಯೋಡರಾ ಎಂದು ಕರೆಯುತ್ತಾರೆ. ಈ ಹೆಸರಿನ ಎರಡನೆಯ ಭಾಗ ನಮ್ಮ ‘ದೇವದಾರು’ವಿನದೇ ರೂಪ. ಇದು ಶಂಕುವಿನಾಕಾರದ ಕಾಯಿ ಬಿಡುವ, ಸೂಜಿಯಂತಹ ಎಲೆಗಳ ನಿತ್ಯಹಸಿರು ಮರ. ಅಫ್ಘಾನಿಸ್ತಾನದಿಂದ ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಮೂಲಕ ಪಶ್ಚಿಮ ನೇಪಾಳದವರೆಗೆ, ಸಮುದ್ರಮಟ್ಟದಿಂದ ಸುಮಾರು 1,500ರಿಂದ 3,200 ಮೀಟರ್ ಎತ್ತರದಲ್ಲಿ ಇದರ ಸಹಜ ನೆಲೆಯಿದೆ. 40ರಿಂದ 50 ಮೀಟರ್ ಎತ್ತರಕ್ಕೆ ಬೆಳೆಯುವ ಈ ಮರ ಹಲವು ಶತಮಾನ ಬದುಕಬಲ್ಲುದು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ 700ಕ್ಕೂ ಹೆಚ್ಚು ವರ್ಷ ಬಾಳಿದ ದೇವದಾರುವಿನ ಅಡ್ಡಸೀಳನ್ನು ಇಂದಿಗೂ ನೋಡಬಹುದು.

ಕಾಳಿದಾಸನ ‘ರಘುವಂಶ’ದ ಎರಡನೆಯ ಸರ್ಗದಲ್ಲಿ ಶಿವನು ಒಂದು ದೇವದಾರುವನ್ನು ಮಗನಂತೆ ಸ್ವೀಕರಿಸಿ, ಅದರ ಕಾವಲಿಗೆ ಕುಂಭೋದರನೆಂಬ ಸಿಂಹವನ್ನು ನೇಮಿಸಿದ ಪ್ರಸಂಗವಿದೆ. ‘ಕುಮಾರಸಂಭವ’ದಲ್ಲಿ ಶಿವ ತಪಸ್ಸಿಗೆ ಕುಳಿತಿರುವುದು ದೇವದಾರುವಿನ ಕೆಳಗಿನ ಜಗಲಿಯ ಮೇಲೆ. ಹೀಗೆ ಮರವನ್ನು ಎಂದೂ ಕಾಣದ ದಕ್ಷಿಣದ ಪಂಡಿತರಿಗೂ ಅದರ ಹೆಸರು ಪರಿಚಿತವಾಗಿತ್ತು.

ಕಾವ್ಯಕ್ಕಿಂತ ಹೆಚ್ಚು ದೂರ ಈ ಹೆಸರನ್ನು ಒಯ್ದದ್ದು ವೈದ್ಯ. ದೇವದಾರುವಿನ ಕೆಂಪುಛಾಯೆಯ, ಎಣ್ಣೆಯಂಶದ, ಕಂಪಿನ ಚೇಗು ಆಯುರ್ವೇದದಲ್ಲಿ ಹಳೆಯ ಮದ್ದು. ಬಾಣಂತಿಯರಿಗೆ ಕೊಡುವ ದೇವದಾರ್ವಾದಿ ಕಷಾಯದಲ್ಲಿ ಅದೇ ಮೊದಲನೆಯ ದ್ರವ್ಯ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ‘ದೇವದಾರು ಚಕ್ಕೆ’ ಇಂದಿಗೂ ದೊರೆಯುತ್ತದೆ. ಕಣ್ಣಿಗೆ ಕಾಣದ ಮರದ ಚಕ್ಕೆ ಕೈಗೆ ಸಿಕ್ಕುತ್ತಿತ್ತು. ಮೂಗಿಗೆ ಅದರ ವಾಸನೆಯ ಪರಿಚಯವಿತ್ತು. ಮುಂದಿನ ವಿವೇಚನೆಗೆ ಈ ಸಂಗತಿ ಮುಖ್ಯವಾದುದು.

ನಾಲ್ಕು ತಾಲ್ಲೂಕುಗಳ ದೇವದಾರಿ

ಈ ನಾಲ್ಕು ತಾಲ್ಲೂಕುಗಳಲ್ಲಿ ಶಂಕುಧಾರಿ ಮರ ಯಾವುದೂ ಸಹಜವಾಗಿ ಬೆಳೆಯುವುದಿಲ್ಲ. ದಕ್ಷಿಣ ಭಾರತಕ್ಕೆಲ್ಲ ಸೇರಿ ಸಹಜವಾಗಿ ಬೆಳೆಯುವ ಶಂಕುಧಾರಿಯೆಂದರೆ ಪಶ್ಚಿಮಘಟ್ಟದ ತೇವಭರಿತ ಕಾಡಿನ ನಾಜಿಯಾ ಒಂದೇ. ಮಧುಗಿರಿಯ ಏಕಶಿಲಾ ಬೆಟ್ಟದ ಎತ್ತರ ಸುಮಾರು 1,190 ಮೀಟರ್. ಅದರ ನೆತ್ತಿಯೂ ಹಿಮಾಲಯದ ದೇವದಾರು ಬೆಳೆಯಲಾರಂಭಿಸುವ ಮಟ್ಟವನ್ನು ಮುಟ್ಟುವುದಿಲ್ಲ. ಪಾವಗಡ, ಶಿರಾ ಭಾಗಗಳ ವಾರ್ಷಿಕ ಸರಾಸರಿ ಮಳೆ ಸುಮಾರು 500ರಿಂದ 600 ಮಿಲಿಮೀಟರ್. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ವರ್ಷದ ಬಹುಕಾಲ ಮರಳಿನ ಹಾದಿ. ಕಮರ, ಜಾಲಿ, ತುಗ್ಗಲಿ, ಕಾರೆ, ಬಾರೆ, ಬಂದರೆಗಳು ಇಲ್ಲಿನ ಗುಡ್ಡಗಳ ಸಹಜ ಸಂತಾನ.

ಈ ಕೂಟದಲ್ಲಿ ದೇವದಾರಿಯೂ ಒಂದು. ಇದರ ಶಾಸ್ತ್ರೀಯ ಹೆಸರು ಎರಿತ್ರಾಕ್ಸಿಲಮ್ ಮೋನೋಗೈನಮ್. ಸಾಮಾನ್ಯವಾಗಿ ಪೊದೆಯಾಗಿ, ಕಡಿಯದೆ ಬಿಟ್ಟಲ್ಲಿ ಎರಡಾಳೆತ್ತರದ ಚಿಕ್ಕ ಮರವಾಗಿ ಬೆಳೆಯುತ್ತದೆ. ತೊಗಟೆ ಒರಟು, ಕಂದುಗಪ್ಪು. ಎಲೆ ತುದಿಯಲ್ಲಿ ಅಗಲವಾಗಿ ಬುಡಕ್ಕೆ ಕಿರಿದಾಗುತ್ತದೆ. ಮೇಲೆ ಹಸಿರು, ಕೆಳಗೆ ಮಾಸಲು. ಹೂವು ಚಿಕ್ಕದು, ಬಿಳಿ. ಹಣ್ಣು ಒಂದೇ ಬೀಜದ, ಕೆಂಪಾದ ಸಣ್ಣ ಕಾಯಿ. ಬಂಡೆಯ ಸಂದಿಯಲ್ಲೂ ಬೇರಿಳಿಸುವ ಈ ಗಿಡ ನೆರೆಯ ಮರಗಳು ಎಲೆ ಉದುರಿಸಿದ ಕಾಲದಲ್ಲೂ ಬಹುಮಟ್ಟಿಗೆ ಹಸಿರಾಗಿರುತ್ತದೆ. ಮರದ ಚೇಗು ಗಟ್ಟಿ, ಕಡುಗೆಂಪು, ಸುವಾಸನೆಯುಳ್ಳದ್ದು. ಗ್ರೀಕ್ ಮೂಲದ ಎರಿತ್ರಾಕ್ಸಿಲಮ್ ಎಂಬ ಮಾತಿನ ಅರ್ಥವೂ ‘ಕೆಂಪು ಮರ’ ಎಂದೇ. ಇದನ್ನು ಕನ್ನಡದಲ್ಲಿ ‘ಗಂಧಗಿರಿ’ ಎಂದೂ, ಗಡಿಯ ತೆಲುಗಿನಲ್ಲಿ ‘ಅಡವಿ ಗೋರಿಂಟ’ ಎಂದೂ ಕರೆಯುವುದುಂಟು. ವಸಾಹತು ಕಾಲದ ಇಂಗ್ಲಿಷ್ ಬರಹಗಳು ‘ಹುಸಿಗಂಧ’ ಎಂಬ ಅರ್ಥದ ಹೆಸರನ್ನು ಇದಕ್ಕೆ ಅಂಟಿಸಿದವು.

ಒಂದು ಆಕಸ್ಮಿಕವನ್ನು ಇಲ್ಲಿ ಗಮನಿಸಬಹುದು. ಹಿಮಾಲಯದ ದೇವದಾರು, ಬಯಲುಸೀಮೆಯ ದೇವದಾರಿ ಎರಡರ ಶಾಸ್ತ್ರೀಯ ನಾಮಕರಣದಲ್ಲೂ ವಿಲಿಯಂ ರಾಕ್ಸ್‌ಬರ್ಗ್‌ನ (1751-1815) ಹೆಸರು ಸೇರಿದೆ. ಕೋರಮಂಡಲ ತೀರದಲ್ಲಿ ಗಿಡಗಳನ್ನು ಸಂಗ್ರಹಿಸಿ, ಅನಂತರ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದ ಈ ವೈದ್ಯ ದೇವದಾರುವನ್ನು ಪೈನ್ ಜಾತಿಯ ಮರವೆಂದೂ, ದೇವದಾರಿಯನ್ನು ಕೋಕಾ ಗಿಡದ ಕುಲಕ್ಕೆ ಸೇರಿದುದೆಂದೂ ಬೇರ್ಪಡಿಸಿದ. ಶಾಸ್ತ್ರ ದೂರವಿಟ್ಟ ಎರಡು ಮರಗಳನ್ನು ಜನಭಾಷೆ ಒಂದೇ ಹೆಸರಿನಲ್ಲಿ ಕೂಡಿಸಿತ್ತು.

ಹೆಸರಿನ ಪಯಣ

ಇದನ್ನು ಅಜ್ಞಾನವೆಂದು ಬದಿಗೆ ಸರಿಸುವುದು ಸುಲಭ, ಆದರೆ ಸರಿಯಲ್ಲ. ಬಂಗಾಳದಲ್ಲಿ ‘ದೇಬ್ದಾರು’ ಎಂದರೆ ನಾವು ರಸ್ತೆಬದಿಗಳಲ್ಲಿ ತಪ್ಪಾಗಿ ಅಶೋಕವೆಂದು ಕರೆಯುವ, ಕಂಬದಂತೆ ನೇರವಾಗಿ ಬೆಳೆಯುವ ಮರ. ಅಲ್ಲಿ ಹೆಸರಿಗೆ ಆಧಾರವಾದದ್ದು ನೀಳವಾದ ಆಕಾರವೆಂದು ತೋರುತ್ತದೆ. ತಮಿಳಿನಲ್ಲಿ ‘ದೇವದಾರಮ್’, ಸಿಂಹಳದಲ್ಲಿ ‘ದೇವದಾರ’ ಎಂಬ ಹೆಸರುಗಳು ನಮ್ಮ ದೇವದಾರಿಗೇ ಸಲ್ಲುತ್ತವೆ. ಎಂದರೆ ದಕ್ಷಿಣದ ಒಣಸೀಮೆಯುದ್ದಕ್ಕೂ, ಸಮುದ್ರದಾಚೆಯ ದ್ವೀಪದವರೆಗೂ, ಬೇರೆ ಬೇರೆ ಭಾಷೆಗಳನ್ನಾಡುವ ಜನ ಒಂದೇ ಮರವನ್ನು ಆರಿಸಿ ಅದೇ ಹೆಸರನ್ನಿಟ್ಟಿದ್ದಾರೆ. ಇಂತಹ ಒಮ್ಮತ ಕುರುಡು ಆಕಸ್ಮಿಕವಾಗಿರಲಾರದು.

ಈ ಆಯ್ಕೆಯ ಮಾನದಂಡ ಆಕಾರವಲ್ಲ, ವಾಸನೆ ಮತ್ತು ಉಪಯೋಗ. ದೂರದಿಂದ ಬರುವ ದೇವದಾರು ಚಕ್ಕೆ ತುಟ್ಟಿಯಾದಾಗ ಅಥವಾ ಸಿಗದಿದ್ದಾಗ, ಅದೇ ಬಗೆಯಲ್ಲಿ ಕಂಪು ಸೂಸುವ, ಕೆಂಪು ಚೇಗಿನ ಸ್ಥಳೀಯ ಮರವನ್ನು ದಕ್ಷಿಣದ ವೈದ್ಯರು ಪ್ರತಿನಿಧಿದ್ರವ್ಯವಾಗಿ ಬಳಸಿದರು. ಒಂದು ದ್ರವ್ಯ ದೊರೆಯದಾಗ ಸಮಾನಗುಣದ ಇನ್ನೊಂದನ್ನು ಬಳಸುವುದಕ್ಕೆ ಆಯುರ್ವೇದದಲ್ಲೇ ಸಮ್ಮತಿಯಿದೆ. ದ್ರವ್ಯದೊಡನೆ ಹೆಸರೂ ವರ್ಗಾವಣೆಯಾಯಿತು. ಗಿಡಮೂಲಿಕೆಗಳಿಗೆ ಹೆಸರಾದ ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದಂತಹ ನೆಲೆಗಳು ಇಂತಹ ವರ್ಗಾವಣೆಯ ಸಹಜ ಕೇಂದ್ರಗಳಾಗಿದ್ದಿರಬೇಕು. ಅಲ್ಲಿ ಸಂಸ್ಕೃತ ಬಲ್ಲ ವೈದ್ಯನೂ ಸೊಪ್ಪುಬೇರು ಬಲ್ಲ ಕಾಡುವಾಸಿಯೂ ಒಂದೇ ದಾರಿಯಲ್ಲಿ ಎದುರಾಗುತ್ತಿದ್ದರು.

ಹೆಸರು ಜನರ ಬಾಯಿಗೆ ಬಿದ್ದ ಮೇಲೆ ಅದು ತನ್ನದೇ ರೂಪ ತಾಳಿತು. ‘ದಾರು’ ಎಂಬುದಕ್ಕೆ ಆಡುಗನ್ನಡದಲ್ಲಿ ಅರ್ಥವಿಲ್ಲ, ‘ದಾರಿ’ಗೆ ಇದೆ. ಅರಿಯದ ಪದವನ್ನು ಅರಿತ ಪದಕ್ಕೆ ಒಗ್ಗಿಸಿಕೊಳ್ಳುವ ಜಾನಪದ ನಿರುಕ್ತಿಯ ಕ್ರಮದಲ್ಲಿ ‘ದೇವದಾರು’ ‘ದೇವದಾರಿ’ಯಾಯಿತೆಂದು ಊಹಿಸುವುದು ಅಸಂಗತವಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಒಂದು ಬೆಟ್ಟಸಾಲಿಗೇ ದೇವದಾರಿ ಎಂಬ ಹೆಸರಿದೆ. ಆದರೆ ಇಲ್ಲಿ ಎಚ್ಚರವೂ ಅಗತ್ಯ. ದೇವರಾಯನದುರ್ಗದಂತಹ ಸ್ಥಳನಾಮಗಳನ್ನು ಈ ಮರಕ್ಕೆ ಜೋಡಿಸಲು ಹೊರಟರೆ ಅದು ಸಂಶೋಧನೆಯಾಗದೆ ಶಬ್ದಚಮತ್ಕಾರವಾದೀತು.

ಹೆಸರಿನ ಪಯಣ ಅಲ್ಲಿಗೂ ನಿಲ್ಲಲಿಲ್ಲ. 1960ರ ದಶಕದಲ್ಲಿ ಈ ಮರದ ಚೇಗಿನಿಂದ ಬೇರ್ಪಡಿಸಿದ ಒಂದು ಸಂಯುಕ್ತಕ್ಕೆ ರಸಾಯನಶಾಸ್ತ್ರಜ್ಞರು ‘ದೇವದಾರೂಲ್’ ಎಂದು ಹೆಸರಿಟ್ಟರು. ಹಿಮಾಲಯದ ಮರದ ಹೆಸರು ಒಣಸೀಮೆಯ ಪೊದೆಯ ಮೂಲಕ ಪ್ರಯೋಗಶಾಲೆಯನ್ನು ಸೇರಿದ ಬಗೆಯಿದು.

ಗಂಧ ಮತ್ತು ಹುಸಿಗಂಧ

ಇದೇ ಗುಡ್ಡಗಳಲ್ಲಿ ಶ್ರೀಗಂಧವೂ ಬೆಳೆಯುತ್ತದೆ. 1792ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ, ಮೈಸೂರು ಸೀಮೆಯಲ್ಲಿ ಅದು ಯಾರ ಹೊಲದ ಬದುವಿನಲ್ಲಿ ಹುಟ್ಟಿದರೂ ಸರ್ಕಾರದ ಸ್ವತ್ತಾಗಿ ಉಳಿಯಿತು. ಭೂಮಾಲೀಕನಿಗೆ ತನ್ನ ನೆಲದ ಗಂಧದ ಮರದ ಒಡೆತನ ದೊರೆತದ್ದು 2001ರ ಕಾನೂನು ತಿದ್ದುಪಡಿಯಿಂದ. ಎರಡು ಶತಮಾನ ಕಾಲ ಗಂಧವೆಂದರೆ ರೈತನಿಗೆ ವರವಾಗಿರದೆ ಭಯವಾಗಿತ್ತು.

ದೇವದಾರಿಗೆ ಇಂತಹ ರಾಜಮರ್ಯಾದೆ ಇರಲಿಲ್ಲ. ಅದನ್ನು ಮುಟ್ಟಿದರೆ ಗಂಧವನ್ನು ಮುಟ್ಟಿದ ದಂಡವಿರಲಿಲ್ಲ. ಆದ್ದರಿಂದಲೇ ಅದು ಬಡವರ ಗಂಧವಾಯಿತು. ಬೇಲಿಯ ಗೂಟ, ಗುದ್ದಲಿಯ ಕಾವು, ಊರುಗೋಲು, ಒಲೆಯ ಸೌದೆ ಎಲ್ಲಕ್ಕೂ ಅದು ಒದಗಿತು. ಸಿಂಹಳದಲ್ಲಿ ಇದರ ಕಟ್ಟಿಗೆಯನ್ನು ಬಟ್ಟಿಯಿಳಿಸಿ ತೆಗೆದ ಕೀಲೆಣ್ಣೆಯನ್ನು ದೋಣಿಗಳಿಗೆ ಬಳಿಯುತ್ತಿದ್ದರು. ಆಳುವವರು ‘ಹುಸಿ’ ಎಂದ ಮರ ಆಳಿಸಿಕೊಳ್ಳುವವರಿಗೆ ‘ದೇವ’ವಾಗಿತ್ತೆಂಬುದು ಹೆಸರುಗಳ ಚರಿತ್ರೆ ಹೇಳುವ ಸಾಮಾಜಿಕ ಸತ್ಯ.

ಧಾತು-ಈಶ್ವರ ಸಂವತ್ಸರಗಳ ಬರ

ದೇವದಾರಿಯ ಚರಿತ್ರೆಯ ಅತ್ಯಂತ ದಾರುಣ ಅಧ್ಯಾಯ 1876-78ರ ಮಹಾಕ್ಷಾಮಕ್ಕೆ ಸೇರಿದುದು. ಧಾತು ಸಂವತ್ಸರದಲ್ಲಿ (1876-77) ಮಳೆ ಕೈಕೊಟ್ಟಿತು. ಈಶ್ವರ ಸಂವತ್ಸರದಲ್ಲಿ (1877-78) ಸಾವು ಉತ್ತುಂಗಕ್ಕೇರಿತು. ಗಡಿಯ ತೆಲುಗಿನಲ್ಲಿ ಇದು ‘ಧಾತ ಕರುವು’. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಕೋಲಾರ, ತುಮಕೂರು, ಚಿತ್ರದುರ್ಗಗಳ ಒಣಸೀಮೆಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ಅನಂತರ, 1881ರಲ್ಲಿ, ಅದು 41,86,188. ಬೆಳೆಯಬೇಕಾಗಿದ್ದ ಸಂಖ್ಯೆ 8,69,224ರಷ್ಟು, ಎಂದರೆ ಶೇಕಡ 17ಕ್ಕೂ ಸ್ವಲ್ಪ ಹೆಚ್ಚು, ಕುಸಿಯಿತು.

ಧಾನ್ಯ ಇದ್ದರೂ ತಲುಪದಿದ್ದುದು ಈ ಸಾವುಗಳ ಒಂದು ಕಾರಣ. ಮದರಾಸಿನಿಂದ ಬರುವ ರೈಲು 1864ರಲ್ಲಿ ಬೆಂಗಳೂರನ್ನು ಮುಟ್ಟಿತ್ತು. ಅಲ್ಲಿಂದ ತುಮಕೂರಿಗೆ ಹಳಿ ಬಂದದ್ದು ಕ್ಷಾಮ ಮುಗಿದ ಮೇಲೆ, 1884ರಲ್ಲಿ. ಶಿರಾ, ಮಧುಗಿರಿ, ಪಾವಗಡಗಳಿಗೆ ಧಾನ್ಯ ಎತ್ತಿನ ಗಾಡಿಗಳಲ್ಲೇ ಬರಬೇಕಿತ್ತು. ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಗಾಡಿಯೆಳೆಯುವ ಎತ್ತಿಗೂ ಗಾಡಿಯಲ್ಲಿ ಬರುವ ಕಾಳಿಗೂ ಬರ ಏಕಕಾಲದಲ್ಲಿ ಅಡ್ಡಬಂತು. 1877ರಲ್ಲಿ ಕ್ಷಾಮ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕದಲ್ಲಿ ಕೂಲಿ ನಿಗದಿಪಡಿಸಿದ. ದುಡಿಯುವ ದೇಹಕ್ಕೆ ಅದು ಸಾಲದೆಂಬ ವಿವಾದ ಅಂದೇ ಎದ್ದಿತು. ವಿಲಿಯಂ ಡಿಗ್ಬಿ 1878ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಕ್ಷಾಮವನ್ನು ಕುರಿತ ಗ್ರಂಥದಲ್ಲಿ ಈ ದಿನಗಳ ವಿವರಗಳಿವೆ.

ಈ ಕ್ಷಾಮದಲ್ಲಿ ಹಸಿದ ಬಡಜನ ದೇವದಾರಿಯ ಎಲೆಗಳನ್ನು ಹೇರಳವಾಗಿ ತಿಂದರೆಂದು ಮದರಾಸು ಪ್ರಾಂತದ ಅಂದಿನ ವೈದ್ಯ ಹಾಗೂ ಸಸ್ಯಶಾಸ್ತ್ರದ ಬರಹಗಳು ದಾಖಲಿಸಿವೆ. ಆ ಬರಹಗಳ ಕುತೂಹಲ ಬೇರೆಯದು. ಎಲೆಯಲ್ಲಿ ಹೊಟ್ಟೆ ತುಂಬುವಂಥದೇನೂ ಇಲ್ಲ. ಆದರೂ ಜನ ಏಕೆ ತಿಂದರು? ದಕ್ಷಿಣ ಅಮೆರಿಕದ ಕೋಕಾ ಗಿಡ ಇದೇ ಕುಲಕ್ಕೆ ಸೇರಿದ್ದು, ಅದರ ಎಲೆ ಅಗಿದರೆ ಹಸಿವೆ ಮರೆಯಾಗುತ್ತದೆ. ಹಾಗಾದರೆ ನಮ್ಮ ದೇವದಾರಿಗೂ ಆ ಗುಣವಿರಬಹುದೇ ಎಂದು ಅವರು ಶಂಕಿಸಿದರು. ಕೋಕಾದ ಎಲೆಯಲ್ಲಿರುವಂತೆ ಹಸಿವೆ ಮರೆಸುವಷ್ಟು ಅಮಲಿನ ಅಂಶ ಇದರಲ್ಲಿಲ್ಲವೆಂಬುದು ಈಗ ತಿಳಿದ ಸಂಗತಿ. ಉತ್ತರ ಅಷ್ಟು ಗಹನವಾದುದಾಗಿರಲಿಲ್ಲವೆಂದು ನನಗೆ ತೋರುತ್ತದೆ. ಬಯಲು ಒಣಗಿ, ಹೊನ್ನೆಸೊಪ್ಪು, ಅಣ್ಣೆಸೊಪ್ಪು ಯಾವುದೂ ಉಳಿಯದಿದ್ದಾಗ ಬಂಡೆಯ ಸಂದಿಯಲ್ಲಿ ಹಸಿರಾಗಿದ್ದದ್ದು ಈ ಗಿಡ. ಜನ ಅದನ್ನು ತಿಂದದ್ದು ಅದರ ಗುಣಕ್ಕಾಗಿ ಅಲ್ಲ. ಅದು ಇತ್ತು ಎಂಬ ಕಾರಣಕ್ಕೆ.

ಬಾಯಿ ಬಿಡದ ನೆನಪು

ಈ ದಾಖಲೆ ಮದರಾಸು ಪ್ರಾಂತದ್ದು. ಪಾವಗಡ ತಾಲ್ಲೂಕು ಬಹುಪಾಲು ಆ ಪ್ರಾಂತದ ಅನಂತಪುರ ಸೀಮೆಯಿಂದ ಸುತ್ತುವರಿದ ನೆಲ. ಗುಡ್ಡವೂ ಗಿಡವೂ ಬರವೂ ಗಡಿಯ ಎರಡೂ ಬದಿಗೆ ಒಂದೇ. ಆದ್ದರಿಂದ ನಮ್ಮ ನಾಲ್ಕು ತಾಲ್ಲೂಕುಗಳ ಮೌಖಿಕ ಪರಂಪರೆಯಲ್ಲಿ ಇದರ ಕುರುಹು ಇರಬೇಕೆಂಬುದು ನನ್ನ ನಿರೀಕ್ಷೆಯಾಗಿತ್ತು.

ಕ್ಷೇತ್ರಕಾರ್ಯದ ಆರಂಭದಲ್ಲಿ ನಾನು ತಪ್ಪು ಪ್ರಶ್ನೆಗಳನ್ನು ಕೇಳಿದೆ. ‘ದೇವದಾರು’ ಎಂದಾಗ ಹಿರಿಯರು ಪುರಾಣ ಹೇಳಿದರು. ‘ಬರದ ಹಾಡು’ ಎಂದಾಗ ಮಳೆರಾಯನನ್ನು ಕರೆಯುವ ಹಾಡು ಹೇಳಿದರು. ಬರಗಾಲದಲ್ಲಿ ಏನು ತಿನ್ನುತ್ತಿದ್ದರು ಎಂದು ನೇರವಾಗಿ ಕೇಳಿದಾಗ ಮಾತು ಬೇರೆಡೆಗೆ ಹೊರಳುತ್ತಿತ್ತು. ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆಯ ನಾದದೊಡನೆ ಜುಂಜಪ್ಪನ ಕಾವ್ಯವನ್ನು ರಾತ್ರಿಯೆಲ್ಲ ಹಾಡಬಲ್ಲ ಪರಂಪರೆಯಿದೆ; ತುರುಗಳ ಮೇವಿನ ಕಷ್ಟ ಅಲ್ಲಿ ಬರುತ್ತದೆ, ಮನುಷ್ಯ ಸೊಪ್ಪು ತಿಂದ ದಿನಗಳ ಮಾತು ನನ್ನ ಕಿವಿಗೆ ಬೀಳಲಿಲ್ಲ. ದೇವದಾರಿಯ ಮಾತು ಬಂದದ್ದು ನಾನು ಬರವನ್ನು ಬಿಟ್ಟು ಬೇಲಿಯ ಗೂಟದ ಬಗ್ಗೆ ಕೇಳಿದಾಗ. ಪಾವಗಡದ ಗಡಿಯ ಒಂದು ಊರಿನಲ್ಲಿ ವಯಸ್ಸಾದ ತಾಯಿಯೊಬ್ಬರು ಗೂಟದ ಗುಣವನ್ನೆಲ್ಲ ವಿವರಿಸಿ, ಕೊನೆಯಲ್ಲಿ ಅದರ ಸೊಪ್ಪನ್ನೂ ಹಿಂದೆ ತಿನ್ನುತ್ತಿದ್ದರಂತೆ ಎಂದು ದನಿ ತಗ್ಗಿಸಿ ಹೇಳಿದರು. ಯಾರು ಎಂದು ಕೇಳಿದ್ದಕ್ಕೆ, ತಮ್ಮವರಲ್ಲ, ಬೇರೆಯವರು ಎಂದು ಮಾತು ಮುಗಿಸಿದರು.

‘ತಮ್ಮವರಲ್ಲ’ ಎಂಬ ಆ ಮಾತು ಜಾನಪದ ವಿದ್ವಾಂಸರು ಯೋಚಿಸಬೇಕಾದುದು. ನಾವು ಮೌಖಿಕ ಪರಂಪರೆಯನ್ನು ಜನರ ಚರಿತ್ರೆಯ ಭಂಡಾರವೆಂದು ವರ್ಣಿಸುತ್ತ ಬಂದಿದ್ದೇವೆ. ಅದು ನಿಜ. ಆದರೆ ಜನ ತಮಗೆ ಮಾನ ತರುವುದನ್ನು ಹಾಡಾಗಿಸುತ್ತಾರೆ. ಮಾನ ಕಳೆಯುವುದನ್ನು ಮರೆಯುತ್ತಾರೆ, ಇಲ್ಲವೇ ಬೇರೆಯವರ ತಲೆಗೆ ಹೊರಿಸುತ್ತಾರೆ. ಕೆರೆಗೆ ಹಾರವಾದವಳ ಕಥೆ ಹಾಡಾಗುತ್ತದೆ. ಸೊಪ್ಪು ತಿಂದು ಬದುಕಿದವಳ ಕಥೆ ಹಾಡಾಗುವುದಿಲ್ಲ. ಸತ್ತವರಿಗೆ ಮಾಸ್ತಿಗಲ್ಲು, ವೀರಗಲ್ಲುಗಳಿವೆ. ಹಸಿವಿನಿಂದ ಬದುಕುಳಿದವರಿಗೆ ಕಲ್ಲಿಲ್ಲ. ಇಲ್ಲಿ ಮೌನವನ್ನೂ ಒಂದು ಪಠ್ಯವಾಗಿ ಓದಬೇಕಾಗುತ್ತದೆ. ವಸಾಹತು ದಾಖಲೆ ‘ಹಸಿದ ಬಡಜನ’ ಎಂದು ಹೆಸರಿಲ್ಲದೆ ಬರೆಯಿತು. ಜನರ ನೆನಪು ‘ಬೇರೆಯವರು’ ಎಂದು ಹೆಸರಿಲ್ಲದೆ ಹೇಳಿತು. ಎರಡರ ನಡುವೆ ಹೆಸರುಳ್ಳದ್ದು ಮರವೊಂದೇ.

ಇಂದಿನ ನೆಲೆ

ಈಚಿನ ದಶಕಗಳಲ್ಲಿ ಈ ಸೀಮೆಯ ಕುರುಚಲು ಕಾಡಿಗೆ ಸ್ವಲ್ಪಮಟ್ಟಿನ ಮನ್ನಣೆ ದೊರೆತಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ತಿಮ್ಮಲಾಪುರದ ಕಾಡು 2016ರಲ್ಲಿಯೂ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿಯೂ ವನ್ಯಜೀವಿಧಾಮಗಳಾದವು. ಬುಕ್ಕಾಪಟ್ಟಣದ್ದು ಚಿಂಕಾರದ ಹೆಸರಿನಲ್ಲಿ. ಪ್ರಾಣಿಯ ನೆಪದಲ್ಲಿ ಉಳಿಯುವ ಕಾಡಿನಲ್ಲಿ ಗಿಡವೂ ಉಳಿಯುತ್ತದೆ. ಆದರೆ ಮೀಸಲು ಗಡಿಯ ಹೊರಗಿನ ಗುಡ್ಡಗಳಲ್ಲಿ ಕಲ್ಲುಗಣಿ, ನೀಲಗಿರಿ ನೆಡುತೋಪು, ಸೌದೆಗಾಗಿ ಮರಳಿ ಮರಳಿ ಕಡಿತ ಇವುಗಳಿಂದ ದೇವದಾರಿ ಮರವಾಗುವ ಅವಕಾಶವನ್ನೇ ಕಳೆದುಕೊಂಡು ಪೊದೆಯಾಗಿ ಉಳಿದಿದೆ. ಪಾವಗಡ ಇಂದು ಹೊರಗಿನವರಿಗೆ ಪರಿಚಿತವಾಗಿರುವುದು ಸುಮಾರು 13,000 ಎಕರೆಯ, 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಪಾರ್ಕಿನಿಂದ. ಬರ ತಂದ ಬಿಸಿಲೇ ಅಲ್ಲಿ ಆದಾಯವಾಗಿರುವುದು ಚರಿತ್ರೆಯ ವಿಚಿತ್ರ. ಕುರಿ ಮೇಯುತ್ತಿದ್ದ ಬಯಲು ಕಿರಿದಾದಂತೆ ಗುಡ್ಡವೇರುವ ಕುರಿಗಾಹಿಯೂ ಕಡಿಮೆಯಾಗುತ್ತಿದ್ದಾನೆ; ಗಿಡದ ಹೆಸರು ಬಲ್ಲವನು ಅವನೇ.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ದೇವದಾರು ಎಂಬ ಹೆಸರು ದಕ್ಷಿಣದ ಒಣಸೀಮೆಗೆ ಬಂದದ್ದು ಕಾವ್ಯಕ್ಕಿಂತ ಹೆಚ್ಚಾಗಿ ವೈದ್ಯದ ದಾರಿಯಲ್ಲಿ, ವಾಸನೆಯ ಆಧಾರದ ಮೇಲೆ. ಎರಡನೆಯದಾಗಿ, ಶ್ರೀಗಂಧದ ಮೇಲಿನ ರಾಜಾಧಿಕಾರದ ಎದುರಿನಲ್ಲಿ ದೇವದಾರಿ ಜನಸಾಮಾನ್ಯರಿಗೆ ದಕ್ಕಿದ ಗಂಧವಾಗಿತ್ತು. ಮೂರನೆಯದಾಗಿ, 1876-78ರ ಕ್ಷಾಮದಲ್ಲಿ ಅದು ಹಸಿದವರ ಕೊನೆಯ ಸೊಪ್ಪಾಗಿತ್ತು; ಆ ನೆನಪು ಲಜ್ಜೆಯ ಕಾರಣದಿಂದ ಹಾಡಾಗದೆ ಉಳಿಯಿತು.

ನಮ್ಮ ಪದಕೋಶಗಳಲ್ಲಿ ದೇವದಾರುವಿಗೆ ಹಿಮಾಲಯದ ಮರವೆಂಬ ಅರ್ಥ ಮೊದಲು ಬರುತ್ತದೆ. ತಾಲ್ಲೂಕುವಾರು ಸಸ್ಯನಾಮಗಳನ್ನು, ಅವುಗಳ ಬಳಕೆಯೊಡನೆ, ಬರಗಾಲದ ಬಳಕೆಯನ್ನೂ ಬಿಡದೆ, ಸಂಗ್ರಹಿಸುವ ಕೆಲಸವನ್ನು ಜಾನಪದ ವಿದ್ವಾಂಸರೂ ಸಸ್ಯಶಾಸ್ತ್ರಜ್ಞರೂ ಕೂಡಿ ಕೈಗೊಳ್ಳಬೇಕಾಗಿದೆ. ಶಿವ ಮಗನೆಂದು ಕರೆದ ದೇವದಾರುವಿಗೆ ಕಾವಲಿಗೆ ಸಿಂಹವಿತ್ತು. ಧಾತು-ಈಶ್ವರ ಸಂವತ್ಸರಗಳಲ್ಲಿ ತನ್ನ ಎಲೆ ಕೊಟ್ಟು ಕೆಲವರನ್ನಾದರೂ ಮುಂದಿನ ಮಳೆಯವರೆಗೆ ಸಾಗಿಸಿದ ದೇವದಾರಿಗೆ ಕಾವಲಾಗಬೇಕಾದದ್ದು, ಹಾಗೆ ಬದುಕುಳಿದವರ ಮರಿಮಕ್ಕಳಾದ ನಾವು.